ಮುಚ್ಚದ ಬಲಗಣ್ಣು

ಕ್ಷೌರಿಕನ ರೆಪ್ಪೆಗಳು ಮೊದಲಿನಿಂದಲೂ ಜೋತುಬಿದ್ದಿದ್ದವು. "ನಿದ್ದೆಗಣ್ಣಲ್ಲಿ ನನ್ನ ಕಿವಿಗೆ ಕತ್ತರಿ ಹಾಕ್ಬೇಡ ಕಣಪ್ಪ" ಎಂದು ಕುರ್ಚಿಯಲ್ಲಿ ಕೂತವರೆಲ್ಲ ಛೇಡಿಸುತ್ತಿದ್ದರು. ಕೇಳಿ ಕೇಳಿ ಸಾಕಾಗಿ, ಮುಖ ಚೆಂದ ಮಾಡುವ ಕ್ಲಿನಿಕ್ಕೊಂದರಲ್ಲಿ ರೆಪ್ಪೆಯ ಚರ್ಮ ತೆಗೆಸಿಕೊಂಡು ಬಂದ.

ಊತ ಇಳಿಯಿತು. ಎಡಗಣ್ಣು ಸರಿಹೋಯಿತು, ಬಲಗಣ್ಣು ಮಾತ್ರ ಮುಚ್ಚಲೇ ಇಲ್ಲ. ಎಷ್ಟು ಬಿಗಿಹಿಡಿದರೂ ರೆಪ್ಪೆಗಳ ನಡುವೆ ಬಿಳಿ ಗೆರೆ ಇಣುಕುತ್ತಿತ್ತು. ಕೂದಲ ಚೂರು, ಪೌಡರು, ಫ್ಯಾನಿನ ಗಾಳಿ ಎಲ್ಲ ನೇರ ಕಣ್ಣಿಗೇ. ಬೆಳಿಗ್ಗೆ ಎದ್ದರೆ ಮರಳು ತುಂಬಿದ ಹಾಗೆ ಉರಿ.

ಮತ್ತೆ ಕ್ಲಿನಿಕ್ಕಿಗೆ ಹೋದ. "ನಿಮ್ಮ ಚರ್ಮವೇ ಹಾಗೆ" ಎಂದರು ಅಲ್ಲಿಯವರು. "ಎಡಗಡೆಯಿಂದಾನೂ ಇನ್ನೊಂಚೂರು ತೆಗೆದುಬಿಡೋಣ. ಎರಡೂ ಒಂದೇ ಥರ ಕಾಣುತ್ತೆ."

ಅವನು ಮನೆಗೆ ಬಂದು ಇದನ್ನು ಹೇಳಿದಾಗ, ಕಣ್ಣಾಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವನ ಅಕ್ಕ ಅಲ್ಲೇ ಇದ್ದಳು. ಕೈಯಲ್ಲಿದ್ದ ಲೋಟವನ್ನು ಟಣ್ಣನೆ ಕುಕ್ಕಿದಳು.

"ಒಂದು ಕಣ್ಣು ಕೆಡಿಸಿದ್ದು ಸಾಲದು ಅಂತ, ಚೆನ್ನಾಗಿರೋದನ್ನೂ ಕೆಡಿಸಿ ಜೋಡಿ ಮಾಡ್ತಾರಂತಾ? ಹೇಳೋಕೆ ಬಾಯಾದ್ರೂ ಹೇಗೆ ಬಂತು ಅವರಿಗೆ?"

"ಗಂಡಸಿಗೆ ಈ ಶೋಕಿ ಯಾಕೆ ಬೇಕಿತ್ತು ಅತ್ತಿಗೆ? ಮಾಡಿಸ್ಕೊಂಡವರು ಅನುಭವಿಸ್ಲಿ ಬಿಡಿ" ಎಂದಳು ಹೆಂಡತಿ.

"ಚೆಂದ ಕಾಣಬೇಕು ಅನ್ನೋದೇನು ಕಳ್ಳತನವಾ? ಕೈ ತಪ್ಪಿದ್ದು ಅವರದ್ದು, ತಲೆ ತಗ್ಗಿಸ್ಕೊಂಡು ಕೂತಿರೋದು ಇವನು. ನಮ್ಮ ಆಸ್ಪತ್ರೇಲಿ ತೋರಿಸೋಣ."

"ಮತ್ತೆ ಕತ್ತರಿ ಅಂದ್ರೆ ಎದೆ ಝಲ್ಲೆನ್ನುತ್ತೆ ಅಕ್ಕ" ಎಂದ ಕ್ಷೌರಿಕ. "ಇರೋ ದೃಷ್ಟೀನೂ ಹೋದ್ರೆ?"

"ಹೀಗೇ ಬಿಟ್ರೆ ಹೋಗುತ್ತೆ. ಚಪ್ಪಲಿ ಮೆಟ್ಕೊ, ಈಗಲೇ ಹೋಗೋಣ."

ಹೆಂಡತಿಯೂ ಗೊಣಗುತ್ತಲೇ ಹೊರಟಳು. ಅಕ್ಕನ ಆಸ್ಪತ್ರೆಯಲ್ಲಿ ರೆಪ್ಪೆಯ ಶಸ್ತ್ರಚಿಕಿತ್ಸೆಯನ್ನೇ ಕಲಿತ ವೈದ್ಯೆ ಇದ್ದರು. ದೀಪ ಹಿಡಿದು ನೋಡಿ, "ಕರಿಗುಡ್ಡೆ ಒಣಗಿ ಗಾಯ ಆಗಿದೆ. ತಡ ಮಾಡಿದ್ರೆ ದೃಷ್ಟಿಗೇ ಕುತ್ತು. ಅಗತ್ಯಕ್ಕಿಂತ ಜಾಸ್ತಿ ಚರ್ಮ ತೆಗೆದಿದ್ದಾರೆ. ಕಿವಿ ಹಿಂದಿನ ಚರ್ಮ ತೆಗೆದು ಇಲ್ಲಿ ಕೂರಿಸ್ಬೇಕು" ಎಂದರು.

"ಮೊದಲಿನ ಹಾಗೇ ಆಗುತ್ತಾ ಮೇಡಂ?" ಎಂದು ಕೇಳಿದ ಕ್ಷೌರಿಕ.

"ಹಾಗಂತ ಸುಳ್ಳು ಹೇಳಲ್ಲ. ತೇಪೆ ಹಾಕಿದ ಗುರುತು ಉಳಿಯಬಹುದು. ಮುಂದೆ ಇನ್ನೊಂಚೂರು ಸರಿಮಾಡಬೇಕಾಗಿಯೂ ಬರಬಹುದು. ಆದ್ರೆ ಕಣ್ಣು ಮುಚ್ಚೋ ಹಾಗಾಗೋದು ಮುಖ್ಯ."

ಇಷ್ಟು ಬಿಚ್ಚಿ ಹೇಳಿದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಕೇಳಿದಳು: "ಯಾವತ್ತು ಮಾಡ್ತೀರಿ?"

ಶಸ್ತ್ರಚಿಕಿತ್ಸೆ ಆಯಿತು. ರೆಪ್ಪೆಯ ಮೇಲೆ ಸಣ್ಣ ಕಲೆ ಉಳಿಯಿತು. ಗಾಯ ಮಾಗಿ ಅಂಗಡಿ ತೆರೆದ ಮೇಲೆ, ಒಂದು ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಅವನು ಗಿರಾಕಿಗಳ ಕುರ್ಚಿಯಲ್ಲೇ ಒರಗಿ ನಿದ್ದೆಹೋಗಿದ್ದ. ಎರಡೂ ಕಣ್ಣು ಪೂರಾ ಮುಚ್ಚಿದ್ದವು. ಬಾಗಿಲಿಗೆ ಬಂದ ಗಿರಾಕಿಗೆ ಅವಳು ಮೆಲ್ಲನೆ ಹೇಳಿದಳು, "ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಕಣ್ಣು ಮುಚ್ಚಿ ಮಲಗಿದ್ದಾರೆ."

ಕ್ಲಿನಿಕ್ಕಿನ ಮೇಲೆ ದೂರು ಕೊಡಲು ಮುಂದೆ ನಡೆದವಳೂ ಅವಳೇ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ರೆಪ್ಪೆ ಸರಿಮಾಡಿಸಿಕೊಳ್ಳುವ ಮುನ್ನ, ಮಾಡುವವರು ಆ ವಿದ್ಯೆ ಕಲಿತ ವೈದ್ಯರೇ ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಮಾಡಿಸಿಕೊಂಡ ಮೇಲೆ ಕಣ್ಣು ಮುಚ್ಚದಿದ್ದರೆ, ಉರಿದರೆ, ಮಂಜಾದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಜನ ಏನಂದಾರೋ ಎಂದು ಮನೆಯಲ್ಲಿ ಮುದುಡಿ ಕೂರಬೇಡಿ. ನಾಚಬೇಕಾದವರು ನೀವಲ್ಲ.