ಕೇಂದ್ರಗೋಳದಿಂದ ಕತ್ತರಿಯವರೆಗೆ

“ಭೂಮಿಗೆ ಇಷ್ಟೊಂದು ಪದರ ಯಾತಕ್ಕೆ ಬೇಕಿತ್ತಪ್ಪಾ?”

ಸೊಸೆ ಯಾರನ್ನೂ ಕೇಳಿದ್ದಲ್ಲ. ಅವಳ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲಿತ್ತು. ಏಳನೇ ತರಗತಿಯ ವಿಜ್ಞಾನದ ಪುಸ್ತಕ ಸೂಜಿಯ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಉತ್ತರ ಬಂದದ್ದು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದ ಅತ್ತೆಯಿಂದ.

“ಲೈನಿಂಗ್ ಇಲ್ಲದೆ ಕೋಟು ನಿಲ್ಲುತ್ತೇನೇ? ಸುಮ್ನೆ ಓದು.”

“ನೀವು ಪ್ರಾರ್ಥನೆ ಮಾಡ್ತಿದೀರೋ, ನನ್ನ ಕಾವಲು ಕಾಯ್ತಿದೀರೋ?”

“ನೀನು ಪಾಸಾಗ್ಲಿ ಅಂತಾನೇ ಕಣೇ ಪ್ರಾರ್ಥನೆ. ದೇವರಿಗೆ ನೀನೂ ಒಂಚೂರು ಕೈ ಜೋಡಿಸು.”

ಸೊಸೆ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಕೆಲಸ ಬಿಡುವವರಿದ್ದರು. ಆ ಮೇಜಿಗೆ ಸೊಸೆಯೇ ಸರಿ ಎಂದು ಮಾಲೀಕರಿಗೂ ಗೊತ್ತಿತ್ತು. ಆದರೆ ಏಳನೇ ತರಗತಿ ಪಾಸಾಗದವರಿಗೆ ಕೊಡುವಂತಿರಲಿಲ್ಲ. ಉಳಿದ ಪರೀಕ್ಷೆಗಳೆಲ್ಲ ಮುಗಿದು ವಿಜ್ಞಾನದ ಮೌಖಿಕವೊಂದೇ ಬಾಕಿ. ಓದಿದ್ದು ಮಾತ್ರ ರೇಷ್ಮೆ ಬಟ್ಟೆಯ ಹಾಗೆ ಜಾರುತ್ತಿತ್ತು.

ಅತ್ತೆಗೆ ಓದು ಬಾರದು. ಕೇಳಿದ ಪದ್ಯ ಮರೆಯದು. ಸೊಸೆ ಪಾಠ ಓದಿ ಹೇಳಿದಳು, ಅತ್ತೆ ಅದನ್ನು ರಾಗಕ್ಕೆ ಕಟ್ಟಿದರು. ಪೆಡಲೇ ತಾಳವಾಯಿತು.

“ಕುದಿವ ಕೇಂದ್ರಗೋಳಕೆ ಮ್ಯಾಂಟಲಿನ ಹೊದಿಕೆ,
ಹೊದಿಕೆಗೆ ಭೂಕವಚ, ಕವಚಕ್ಕೆ ಮಣ್ಣು,
ಮಣ್ಣಿನ ನೀರು ಬೇರಿಗೆ, ಬೇರಿನದು ಎಲೆಗೆ,
ಎಲೆಯ ಆಮ್ಲಜನಕ ಉಸಿರಿಗೆ...”

ಉಸಿರಿನಿಂದ ನಾಲ್ಕು ಕೋಣೆಯ ಹೃದಯಕ್ಕೆ, ಹೃದಯದಿಂದ ತೋಳಿಗೆ, ತೋಳಿನಿಂದ ಬಲಕ್ಕೆ, ಬಲದಿಂದ ಭಾರ ಎತ್ತುವ ಸನ್ನೆಗೆ. ಒಂದರ ಬಾಲ ಹಿಡಿದು ಇನ್ನೊಂದು. ನಡುವೆ ಗಂಡ ಬಂದು “ನನ್ನ ಅಂಗಿ ಎಲ್ಲೇ?” ಎಂದರೆ ಎಲ್ಲವೂ ಹೋಯಿತು, ಸೊಸೆ ಮತ್ತೆ ಕೇಂದ್ರಗೋಳಕ್ಕೆ ಇಳಿಯಬೇಕು. ಪಾಪ, ಆತ ಅಂಗಿ ಕೇಳುವುದನ್ನೇ ಬಿಟ್ಟ.

ಪರೀಕ್ಷೆಯ ಕೋಣೆಯಲ್ಲಿ ಒಬ್ಬರೇ ಮೇಷ್ಟ್ರು. ಮೇಜಿನ ತುದಿಯಲ್ಲಿ ಅವರ ಊಟದ ಡಬ್ಬಿ.

“ಹೃದಯದಲ್ಲಿ ಎಷ್ಟು ಕೋಣೆ?”

ಸೊಸೆ ನೆಲಕ್ಕೆ ಕಾಲು ತಟ್ಟುತ್ತಾ, “ಕುದಿವ ಕೇಂದ್ರಗೋಳಕೆ...” ಎಂದು ಎತ್ತಿಕೊಂಡಳು.

“ಅಯ್ಯೋ, ಅದೆಲ್ಲ ಬೇಡಮ್ಮ. ಹೃದಯ ಅಷ್ಟೇ ಹೇಳಿ.”

ಗಾಬರಿಯಲ್ಲಿ ಅವಳು ಪದ್ಯದ ನಡುವಿಗೆ ಹಾರಿದಳು. ಹಾರಿ ತಪ್ಪು ಜಾಗಕ್ಕೆ ಬಿದ್ದಳು. “ಮೂರು ಸರ್. ಕವಚ, ಮ್ಯಾಂಟಲ್, ಕೇಂದ್ರಗೋಳ.”

“ಹಾಗಾದ್ರೆ ಸಿಟ್ಟು ಬಂದಾಗ ಎದೆಯಿಂದ ಲಾವಾ ಉಕ್ಕುತ್ತಾ?” ಮೇಷ್ಟ್ರು ನಕ್ಕು ಸೊನ್ನೆ ಹಾಕಿದರು.

ಮುಂದಿನದು ಎಲೆಯ ಪ್ರಶ್ನೆ. ಪುಣ್ಯಕ್ಕೆ ಅವರ ಪೆನ್ನು ಬರೆಯಲಿಲ್ಲ. ಅವರು ಅದನ್ನು ಕೊಡವುವಷ್ಟರಲ್ಲಿ ಸೊಸೆ ತುಟಿಯೊಳಗೇ ಭೂಮಿಯ ಹೊಟ್ಟೆಯಿಂದ ಎಲೆಯವರೆಗೆ ಹತ್ತಿ ಬಂದು ಸರಿಯಾಗಿ ಹೇಳಿದಳು.

“ಪರವಾಗಿಲ್ವೇ! ಇನ್ನೊಂದೇ ಪ್ರಶ್ನೆ. ಇದು ಸರಿಯಾದ್ರೆ ಪಾಸು, ಇಲ್ಲಾಂದ್ರೆ ಮುಂದಿನ ವರ್ಷ. ಕತ್ತರಿ ಯಾವ ವರ್ಗದ ಸನ್ನೆ?”

ಸನ್ನೆ ಇದ್ದದ್ದು ಪದ್ಯದ ಕಟ್ಟಕಡೆಯಲ್ಲಿ. ಸೊಸೆ ಕಾಲು ತಟ್ಟಿದಳು. ಕಿಟಕಿಯಾಚೆ ಬೆಂಚಿನ ಮೇಲಿದ್ದ ಅತ್ತೆಯ ಬೆರಳೂ ತೊಡೆಯ ಮೇಲೆ ತಾಳಕ್ಕೆ ಸಿದ್ಧವಾಯಿತು.

“ಕುದಿವ...”

“ಮತ್ತೆ ಶುರುವಾಯ್ತಾ! ಅರ್ಜೀಲಿ ಟೈಲರ್ ಅಂತಿದೆ, ದಿನಾ ಕೈಲಿ ಹಿಡಿಯೋ ಕತ್ತರಿ ಅಲ್ವೇನಮ್ಮ?”

“ಹಿಡಿಯೋಕೆ ಕೈ ಸಾಕು ಸರ್. ಹೇಳೋಕೆ ಭೂಮಿ ಒಳಗಿಂದಾನೇ ಬರಬೇಕು.”

ಮೇಷ್ಟ್ರು ಗಡಿಯಾರ ನೋಡಿದರು, ಡಬ್ಬಿ ನೋಡಿದರು. ದನಿ ಮೆತ್ತಗಾಯಿತು. “ನನಗೂ ಹಸಿವಾಗಿದೆ ತಾಯಿ. ದಮ್ಮಯ್ಯ, ಕೊನೇ ಸಾಲು ಒಂದೇ ಹೇಳಿಬಿಡಿ.”

ಸೊಸೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

“ಆಗಲ್ಲ ಸರ್. ಒಂದ್ಸಲ ಹಾರಿ ಬಿದ್ದದ್ದು ಸಾಕು. ಬೇಕಾದ್ರೆ ನೀವು ಊಟ ಮಾಡ್ತಾ ಕೇಳಿ, ನಾನು ಮೊದಲಿಂದಾನೇ ಹೇಳೋದು.”