ನೇರಳೆ ಮರದ ಕೆಳಗಿನ ನೆಲಸಂಪಿಗೆ

ನಾನು ಒಂದು ನೆಲಸಂಪಿಗೆ. ಮರದ ಸಂಪಿಗೆಗೂ ನನಗೂ ಯಾವ ಸಂಬಂಧವೂ ಇಲ್ಲ. ನನ್ನ ಬಳಗ ಅರಿಶಿನ, ಶುಂಠಿಯದು. ಅವರಿಗೆ ಅಡುಗೆಮನೆಯಲ್ಲಿ ಮರ್ಯಾದೆ ಇದೆ, ನನಗಿಲ್ಲ. ಇರಲಿ. ಹುಟ್ಟಿದ್ದು ಹಳಿಯಾಳದ ಆಚೆಯ ಕಾಡಿನಲ್ಲಿ, ತೇಗದ ಮರದ ಬುಡದಲ್ಲಿ, ತಾಯಿಗಡ್ಡೆಯ ಪಕ್ಕೆಗೆ ಅಂಟಿದ ಒಂದು ಮೊಳಕೆಗಣ್ಣಾಗಿ. ಸುಡುವ ಬಿಸಿಲು ನನಗೆ ಆಗಿಬರುವುದಿಲ್ಲ. ಎಲೆಗಳ ನಡುವೆ ಸೋಸಿ ಬಂದ ಬೆಳಕು, ಕೊಳೆತ ತರಗು, ನೀರು ನಿಲ್ಲದ ಮಣ್ಣು, ಇಷ್ಟಿದ್ದರೆ ಹಾಯಾಗಿರುತ್ತೇನೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿ ಮುಗಿಯುತ್ತಿದ್ದಂತೆ ನಾನು ಎಲೆ ಒಣಗಿಸಿಕೊಂಡು ಮಲಗುತ್ತೇನೆ. ಬೇಸಿಗೆಯ ಕೊನೆಗೆ ಒಂದು ಮಳೆ ಬಿದ್ದ ಮೇಲೆ, ಎಲೆಗಿಂತ ಮೊದಲು ಹೂವನ್ನೇ ನೆಲದಿಂದ ಹೊರಗೆ ಕಳಿಸುತ್ತೇನೆ. ಬಿಳಿ ಎಸಳು, ನೇರಳೆ ಬಣ್ಣದ ತುಟಿ, ಒಂದು ದಿನದ ಬಾಳು, ಆದರೆ ಪರಿಮಳ ಮಾತ್ರ ಓಣಿಯ ಉದ್ದಕ್ಕೂ. ನಡುವಿನ ಐದಾರು ತಿಂಗಳು ನಾನಿದ್ದ ಜಾಗದಲ್ಲಿ ಬರೀ ಮಣ್ಣು ಕಾಣುತ್ತದೆ. ಸೋಮಾರಿ ಅನ್ನುವವರು ಅನ್ನಲಿ, ನಮ್ಮ ಮನೆತನದ ಪದ್ಧತಿಯೇ ಹಾಗೆ.

ಒಂದು ಮೇ ತಿಂಗಳಲ್ಲಿ ಕವಳಿಹಣ್ಣು ಕೀಳಲು ಬಂದ ಹೆಂಗಸೊಬ್ಬಳು ನಮ್ಮ ಹೂಗಳನ್ನು ನೋಡಿ ಬುಟ್ಟಿ ಕೆಳಗಿಟ್ಟಳು. ಅವಳ ಹೆಸರು ಫಕೀರವ್ವ. ಹಣ್ಣನ್ನೆಲ್ಲ ಸೆರಗಿಗೆ ಸುರಿದುಕೊಂಡು, ಆ ಬುಟ್ಟಿಯ ತುಂಬ ನಮ್ಮನ್ನು ಅಗೆದು ತುಂಬಿಕೊಂಡಳು. ನನಗೆ ಸಿಟ್ಟು ಬಂದಿತ್ತು. ಹೂ ಬಿಟ್ಟ ಹೊತ್ತಿನಲ್ಲಿ ಯಾರನ್ನಾದರೂ ಹೀಗೆ ಎಬ್ಬಿಸಿಕೊಂಡು ಹೋಗುತ್ತಾರೆಯೇ?

ಅವಳು ಹೊಳೆಗಟ್ಟಿ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ದಿನಗೂಲಿಯ ಮಾಲಿ. ಗಂಡ ಅಲ್ಲೇ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವನು ಕಾಯಿಲೆಯಿಂದ ತೀರಿಕೊಂಡಿದ್ದ. ಸ್ಟೇಷನ್ನಿನ ಹಿಂದಿನ ಒಂದು ಕೋಣೆಯಲ್ಲಿ ಅವಳು ಮತ್ತು ಮಗಳು ಸಾವಂತ್ರಿ ಇದ್ದರು. ಕೆಲಸ ಇರುವ ತನಕ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಯಿತು. ಕೆಲಸವೋ, ಪ್ಲಾಟ್‌ಫಾರಂ ಪಕ್ಕದ ಹಳೆಯ ನೇರಳೆ ಮರದ ಕೆಳಗಿನ ಒಂದೇ ಒಂದು ಹೂವಿನ ಮಡಿಯ ಮೇಲೆ ನಿಂತಿತ್ತು. ಅಲ್ಲಿ ಅವಳು ನೆಟ್ಟ ಗುಲಾಬಿ ಸೊರಗಿತ್ತು, ಚೆಂಡು ಹೂ ಉದ್ದುದ್ದ ಬೆಳೆದು ಮೊಗ್ಗನ್ನೇ ಕಾಣದೆ ಮುರಿದುಬಿದ್ದಿತ್ತು. ಏನೂ ಬೆಳೆಯದ ಜಾಗಕ್ಕೆ ಕಾಂಕ್ರೀಟು ಹಾಕಬೇಕೆಂದೂ, ತೋಟವಿಲ್ಲದ ಸ್ಟೇಷನ್ನಿಗೆ ಮಾಲಿ ಬೇಡವೆಂದೂ ಮೇಲಿನಿಂದ ಕಾಗದ ಬಂದಿತ್ತು. ನೆರಳಲ್ಲೇ ಬೆಳೆಯುವ ಗಿಡ ಅವಳಿಗೆ ಬೇಕಾಗಿದ್ದದ್ದು ಅದಕ್ಕೆ.

ಮಡಿಯ ಮಣ್ಣು ಕಲ್ಲಿನ ಹಾಗಿತ್ತು. ಫಕೀರವ್ವ ಅದನ್ನು ಮೊಳದಾಳ ಕೆದಕಿ, ಕಾಡಿನಿಂದ ತರಗೆಲೆಯ ಗೊಬ್ಬರ ಹೊತ್ತು ತಂದು ಬೆರೆಸಿ, ನಮ್ಮನ್ನು ಎರಡೆರಡು ಬೆರಳು ಆಳಕ್ಕೆ, ಗೇಣಿಗೊಂದರಂತೆ ಇಟ್ಟಳು. ಮಳೆಗಾಲ ಹಿಡಿಯಿತು. ನಮ್ಮ ಎಲೆಗಳು ಎದ್ದವು, ಮೇಲೆ ಬೂದುಹಸಿರಿನ ಚಿತ್ತಾರ, ಕೆಳಗೆ ಕಡುಗೆಂಪು. ಗಣಪತಿ ಹಬ್ಬದ ಹೊತ್ತಿಗೆ ಮಡಿಯಲ್ಲಿ ಮಣ್ಣು ಕಾಣುತ್ತಿರಲಿಲ್ಲ. ಸ್ಟೇಷನ್ ಮಾಸ್ತರರಾದ ವಾಮನರಾವ್ ಗಲಗಲಿಯವರು ದಿನಕ್ಕೆರಡು ಸಲ ಬಂದು ನಿಂತು ನೋಡುತ್ತಿದ್ದರು. ಗಡಿಯಾರದ ಮುಳ್ಳಿನಂಥ ಮನುಷ್ಯ. ರೈಲು ಮೂರು ನಿಮಿಷ ತಡವಾದರೆ ಮೂರೇ ಎಂದು ಬರೆಯುವವರು, ಎರಡೂವರೆ ಎಂದು ಕೂಡ ಬರೆದವರಲ್ಲ. ಅವರು ಹಿಗ್ಗಿನಲ್ಲಿ ಮೇಲಿನವರಿಗೆ ಕಾಗದ ಬರೆದರು: ನಮ್ಮಲ್ಲಿ ತೋಟ ಸಿದ್ಧವಾಗಿದೆ, ದಯಮಾಡಿ ನೋಡಬೇಕು. ಉತ್ತರ ಬಂತು, ಜನವರಿ ಕೊನೆಯ ವಾರ ದೊಡ್ಡ ಸಾಹೇಬರ ಇನ್‌ಸ್ಪೆಕ್ಷನ್.

ಜನವರಿ! ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ನವೆಂಬರಿನಲ್ಲಿ ನಮ್ಮ ಎಲೆಗಳು ಹಳದಿಯಾದವು. ಫಕೀರವ್ವನ ತಪ್ಪೇನೂ ಇಲ್ಲ. ಅವಳು ನಮ್ಮನ್ನು ಕಂಡದ್ದು ಬೇಸಿಗೆಯಲ್ಲಿ, ಮಳೆಯಲ್ಲಿ. ಚಳಿಗಾಲದಲ್ಲಿ ಬರಿ ನೆಲವನ್ನು ಯಾರು ಹೋಗಿ ನೋಡುತ್ತಾರೆ? ನೀರು ಸಾಲದು ಅಂದುಕೊಂಡಳು. ಬೆಳಗ್ಗೆ ನಾಲ್ಕು ಕೊಡ, ಸಂಜೆ ನಾಲ್ಕು ಕೊಡ ಸುರಿದಳು. ನಿದ್ದೆಯಲ್ಲಿದ್ದವರಿಗೆ ಬಾಯಿಗೆ ನೀರು ಹುಯ್ದ ಹಾಗೆ. ಹದಿನೈದು ದಿನದಲ್ಲಿ ನಮ್ಮವರು ಅರ್ಧಕ್ಕರ್ಧ ಕೊಳೆತುಹೋದರು. ಕೊನೆಗೊಂದು ದಿನ ತಾಳಲಾರದೆ ಅವಳು ಕೈಯಿಂದಲೇ ಮಣ್ಣು ಬಗೆದಳು. ಮೊದಲು ಸಿಕ್ಕದ್ದು ಮೆತ್ತಗಾಗಿ ನಾರುವ ಗಡ್ಡೆ. ಆಮೇಲೆ ಸಿಕ್ಕದ್ದು ನಾನು. ಗಟ್ಟಿಯಾಗಿದ್ದೆ, ಮೈಮೇಲೆ ಮೂರು ಕಣ್ಣಿದ್ದವು. ಬಹಳ ಹೊತ್ತು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಅಂದಿನಿಂದ ಒಂದು ತೊಟ್ಟು ನೀರಿಲ್ಲ. ಮೇಲೆ ಒಣ ಎಲೆ ಹೊದಿಸಿ, ಸುತ್ತ ಕಡ್ಡಿ ಚುಚ್ಚಿ ಗುರುತಿಟ್ಟಳು.

ಇನ್‌ಸ್ಪೆಕ್ಷನ್ ಅಂದರೆ ಏನೆಂದು ನಿಮಗೆ ಗೊತ್ತಿರಬಹುದು. ಅಲುಗದೆ ನಿಂತದ್ದಕ್ಕೆಲ್ಲ ಸುಣ್ಣ. ಮರದ ಬುಡಕ್ಕೆ ಸುಣ್ಣ, ಇಟ್ಟಿಗೆಗೆ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ. ನಾಯಿಯೊಂದು ಬಿಸಿಲಿಗೆ ಮಲಗಿದ್ದದ್ದು ಸ್ವಲ್ಪದರಲ್ಲಿ ಪಾರಾಯಿತು. ಗಲಗಲಿಯವರಿಗೆ ದಿಗಿಲು ಹತ್ತಿತ್ತು. ಪೇಟೆಯಿಂದ ಐವತ್ತು ಸೇವಂತಿಗೆ ಕುಂಡ ತರಿಸಿ ಮಡಿಯಲ್ಲಿ ಹೂಳಲು ಹೇಳಿದರು. ಎಲ್ಲ ಸ್ಟೇಷನ್ನಿನಲ್ಲೂ ಹಾಗೇ ಮಾಡುತ್ತಾರೆ, ಸಾಹೇಬರ ಗಾಡಿ ಹೋದ ಮೇಲೆ ಕುಂಡ ಕಿತ್ತು ವಾಪಸು ಕಳಿಸುತ್ತಾರೆ. ಐವತ್ತು ಗುಣಿ ತೋಡಿದರೆ ನಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಫಕೀರವ್ವ ಗುದ್ದಲಿ ಮುಟ್ಟಲಿಲ್ಲ. ಮಾಸ್ತರರು ಗದರಿದರು, ಬೇಡಿಕೊಂಡರು, ಕೆಲಸ ಹೋದರೆ ನನ್ನನ್ನು ಕೇಳಬೇಡ ಅಂದರು. ಅವಳು ಮಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತವಳು ಏಳಲೇ ಇಲ್ಲ.

ಸಾಹೇಬರು ಬಂದರು. ಬೆಳ್ಳಗೆ ಬಳಿದ ಇಟ್ಟಿಗೆಗಳ ನಡುವೆ ಒಣ ಎಲೆ, ಕಡ್ಡಿ, ಮಣ್ಣು. ತೋಟ ಎಲ್ಲಿ ಎಂದು ಕೇಳಿದರು. ಗಲಗಲಿಯವರು ಫಕೀರವ್ವನತ್ತ ನೋಡಿದರು. ಆಗ ಅವಳು ಮುಂದೆ ಬಂದಳು.

"ಮಲಗ್ಯಾವ್ರಿ ಸಾಹೇಬ್ರ. ಸತ್ತಿಲ್ಲ. ಮೇ ತಿಂಗಳದಾಗ ಬರ್ರಿ, ತೋರಸ್ತೀನಿ."

ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ. ಸಾಹೇಬರ ಹಿಂದಿದ್ದವರು ಕಿಸಕ್ಕನೆ ನಕ್ಕರಂತೆ. ಸಾಹೇಬರು ನಗಲಿಲ್ಲ. ಮೇ ಹದಿನೈದರ ತನಕ ಸಮಯ ಕೊಟ್ಟೆ, ಅಷ್ಟರಲ್ಲಿ ಹೂವಿನ ಫೋಟೋ ಬರಬೇಕು, ಬರದಿದ್ದರೆ ಕಾಂಕ್ರೀಟು ಎಂದು ಹೇಳಿ ಗಾಡಿ ಹತ್ತಿದರಂತೆ.

ಆ ವರ್ಷ ಮಳೆ ತಡವಾಯಿತು. ಏಪ್ರಿಲ್ ಹೋಯಿತು, ಮೋಡ ಬರುವುದು, ಗುಡುಗುವುದು, ಹೋಗುವುದು. ನನಗೆ ಒಳಗೆ ಅರೆ ಎಚ್ಚರ. ಏಳಬೇಕೆಂದು ಇತ್ತು, ಆದರೆ ಮಣ್ಣು ಬಿಸಿಯಾಗಿ ಬಿಗಿದುಕೊಂಡಿತ್ತು. ಫಕೀರವ್ವ ಕೊಡ ತುಂಬಿ ತಂದು ಮಡಿಯ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದಳು. ಹಾಕಿದರೆ ಕೊಳೆಯುತ್ತವೋ, ಹಾಕದಿದ್ದರೆ ಏಳುವುದಿಲ್ಲವೋ. ಕೊಡ ಹಾಗೆಯೇ ವಾಪಸು ಹೋಗುತ್ತಿತ್ತು. ಮೇ ಹನ್ನೆರಡನೆಯ ತಾರೀಖು ಕೊನೆಗೂ ಕಣ್ಣು ಮುಚ್ಚಿ ಒಂದು ಕೊಡ ಸುರಿದಳು. ನೀರು ಇಳಿದು ಬಂದಾಗ ನನಗೆ ಅಳು ಬಂತು. ತಾಯಿ, ಇನ್ನೊಂದು ವಾರ ಮೊದಲು ಹಾಕಬಾರದಿತ್ತೇ? ಮೂರು ದಿನದಲ್ಲಿ ಯಾರು ತಾನೇ ಹೂ ಬಿಟ್ಟಾರು?

ಹದಿನೈದಕ್ಕೆ ಮಣ್ಣು ಮಣ್ಣಾಗಿಯೇ ಇತ್ತು. ಬೆಳಗಿನ ಪ್ಯಾಸೆಂಜರಿನಲ್ಲಿ ಸಿಮೆಂಟಿನ ಚೀಲಗಳು ಬಂದಿಳಿದವು. ಫಕೀರವ್ವ ಕೋಣೆಯ ಸಾಮಾನು ಗಂಟು ಕಟ್ಟತೊಡಗಿದಳು. ಗಲಗಲಿಯವರು ಚೀಲಗಳನ್ನು ನೋಡಿದರು, ಮಡಿಯನ್ನು ನೋಡಿದರು. ಆಮೇಲೆ ಚೀಲಗಳನ್ನು ಗೋಡೌನಿನಲ್ಲಿ ಹಾಕಿಸಿ ಬೀಗ ಜಡಿದು, ಸಿಮೆಂಟು ಇನ್ನೂ ತಲುಪಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಬರೆದ ಮೊದಲ ಸುಳ್ಳು. ನಾಲ್ಕು ದಿನ ಅದನ್ನೇ ಬರೆದರು, ನಾಲ್ಕು ದಿನವೂ ಊಟ ಸೇರಲಿಲ್ಲ ಎಂದು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಹೇಳುತ್ತಿದ್ದ.

ಹತ್ತೊಂಬತ್ತರ ಬೆಳಗ್ಗೆ ನಾನು ಎದ್ದೆ. ನನ್ನ ಜೊತೆಗೆ ಇಪ್ಪತ್ತೆರಡು ಮಂದಿ. ಎಲೆಯಿಲ್ಲ, ಕಾಂಡವಿಲ್ಲ, ಬರೀ ನೆಲದ ಮೇಲೆ ಯಾರೋ ಇಟ್ಟುಹೋದ ಹಾಗೆ ಹೂ. ಗಾಡಿಯಿಂದ ಇಳಿದವರು ಪರಿಮಳ ಎಲ್ಲಿಂದ ಎಂದು ಹುಡುಕುತ್ತ ಬಂದರು. ಗಲಗಲಿಯವರು ಹತ್ತು ಫೋಟೋ ತೆಗೆದರು, ಒಂಬತ್ತರಲ್ಲಿ ಅವರ ಹೆಬ್ಬೆರಳಿತ್ತು. ಹತ್ತನೆಯದನ್ನು ಕಳಿಸಿದರು. ಕಾಂಕ್ರೀಟು ನಿಂತಿತು. ಫಕೀರವ್ವ ಗಂಟು ಬಿಚ್ಚಿದಳು.

ಆಮೇಲೆ ಹನ್ನೊಂದು ವರ್ಷ ಅವಳು ನಮ್ಮನ್ನು ನೋಡಿಕೊಂಡಳು. ಮೂರು ವರ್ಷಕ್ಕೊಮ್ಮೆ, ಮಳೆಗೆ ಮೊದಲು, ನಮ್ಮನ್ನು ಅಗೆದು, ಒಂದೊಂದು ತುಂಡಿಗೂ ಒಂದು ಕಣ್ಣಿರುವಂತೆ ಬಿಡಿಸಿ, ಬೂದಿ ಹಚ್ಚಿ ಮತ್ತೆ ನೆಡುತ್ತಿದ್ದಳು. ಕೇಳಿದವರಿಗೆ ಕೊಡುತ್ತಿದ್ದಳು. ಇವತ್ತು ಈ ಮಾರ್ಗದ ಯಾವ ಸ್ಟೇಷನ್ನಿನ ನೆರಳಲ್ಲಿ ನೋಡಿದರೂ ನಾನೇ ಇದ್ದೇನೆ. ಗಲಗಲಿಯವರು ನಿವೃತ್ತರಾಗಿ ಧಾರವಾಡಕ್ಕೆ ಹೋಗುವಾಗ ಒಂದು ಕುಂಡ ಒಯ್ದರು. ಚಳಿಗಾಲದಲ್ಲಿ ಯಾರಾದರೂ ಬಂದು ಇಲ್ಲಿ ಏನೂ ಇಲ್ಲವಲ್ಲ ಅಂದರೆ ಫಕೀರವ್ವನದು ಒಂದೇ ಮಾತು, "ಸುಮ್ನಿರ್ರಿ, ಮಲಗ್ಯಾವ."

ಹೋದ ಮೇ ತಿಂಗಳಲ್ಲಿ ನಾನು ಕಣ್ಣುಬಿಟ್ಟಾಗ ನೀರು ಹಾಕುತ್ತಿದ್ದ ಕೈ ಬೇರೆಯದಾಗಿತ್ತು. ನೀರು ಜೋರಾಗಿ ಬಿತ್ತು, ಮಣ್ಣು ಸಿಡಿಯಿತು. ಅದು ಮಗಳು ಸಾವಂತ್ರಿ. ಫಕೀರವ್ವ ಊರಿಗೆ ಹೋಗಿರಬೇಕು ಅಂದುಕೊಂಡೆ. ನನ್ನ ಹೂ ಒಣಗಿತು, ಎಲೆ ಬಂತು, ಆಷಾಢ ಕಳೆಯಿತು, ಅವಳು ಬರಲಿಲ್ಲ. ಕೊನೆಗೆ ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಗ್ಯಾಂಗ್‌ಮನ್‌ಗಳ ಮಾತಿನಿಂದ ತಿಳಿಯಿತು. ಸಂಕ್ರಾಂತಿಯ ಮುಂಚೆ ಎಂಟು ದಿನ ಜ್ವರದಲ್ಲಿ ಮಲಗಿದವಳು ಮತ್ತೆ ಏಳಲಿಲ್ಲವಂತೆ. ಮಗಳು ನೀರಿನ ಕೊಡ ಎತ್ತಿದಾಗಲೆಲ್ಲ ಮಡಿಗೆ ಹಾಕಬೇಡ, ಅವು ಮಲಗಿವೆ ಎಂದು ಕನವರಿಸುತ್ತಿದ್ದಳಂತೆ.

ನನ್ನ ನಿದ್ದೆಯ ಬಗ್ಗೆ ನನಗೆ ಯಾವತ್ತೂ ನಾಚಿಕೆ ಇರಲಿಲ್ಲ. ಈಗಲೂ ಅದನ್ನು ಬಿಡಲಾರೆ, ಬಿಟ್ಟರೆ ಬದುಕಲಾರೆ. ಆದರೆ ಆ ಗ್ಯಾಂಗ್‌ಮನ್‌ಗಳು ಹೇಳಿದ ಇನ್ನೊಂದು ಮಾತು ನನ್ನನ್ನು ಬಿಡುತ್ತಿಲ್ಲ. ಹೊತ್ತೊಯ್ಯುವಾಗ ಅವಳನ್ನು ನೇರಳೆ ಮರದ ಕೆಳಗೆ ಸ್ವಲ್ಪ ಹೊತ್ತು ಇಳಿಸಿದ್ದರಂತೆ. ಗಾಡಿ ಬಂದು ಹೋಗುವ ತನಕ ಎಲ್ಲರೂ ಅಲ್ಲೇ ನಿಂತಿದ್ದರಂತೆ. ಸಾವಂತ್ರಿ ಅವ್ವನ ಕೈಯಲ್ಲಿ ಇಡಲು ಒಂದು ಹೂವಿಗಾಗಿ ಮಡಿಯ ತುಂಬ ಕಣ್ಣಾಡಿಸಿದಳಂತೆ. ನಾನು ಅವರ ಕಾಲಿನಿಂದ ಎರಡು ಬೆರಳು ಕೆಳಗೆ ಮಲಗಿದ್ದೆ, ನನಗೆ ಎಚ್ಚರವೇ ಆಗಲಿಲ್ಲ.