ಹುರಳಿ ಹಾಸಿದ ರಸ್ತೆ

ಗಾಳೇಶ ಸತ್ತ ಮೇಲೆ ಓಬಳೆಪ್ಪನ ಮನೆಯಲ್ಲಿ ಗಾಡಿಯ ಮಾತು ನಿಂತುಹೋಗಿತ್ತು. ಹದಿನಾರರ ಹುಡುಗ. ಲೈಸನ್ಸ್ ಇರಲಿಲ್ಲ, ತಲೆಗೆ ಹೆಲ್ಮೆಟ್ ಇರಲಿಲ್ಲ. ಊರ ಹೊರಗೆ ಕುಕನೂರು ರಸ್ತೆಯ ತಿರುವಿನಲ್ಲಿ ಅಪ್ಪನ ಬೈಕಿನಿಂದ ಜಾರಿ ಬಿದ್ದವನು ಕೊಪ್ಪಳದ ಆಸ್ಪತ್ರೆ ಮುಟ್ಟುವುದರೊಳಗೆ ತಣ್ಣಗಾಗಿದ್ದ. ಬೈಕು ಪೊಲೀಸ್ ಸ್ಟೇಶನ್ನಿನ ಅಂಗಳ ಸೇರಿತು. ವಯಸ್ಸಾಗದ ಹುಡುಗ ಗಾಡಿ ಓಡಿಸಿದರೆ ಶಿಕ್ಷೆ ಹೆತ್ತವರಿಗೆ ಎಂಬುದು ಓಬಳೆಪ್ಪನಿಗೆ ತಿಳಿದದ್ದೇ ಆಗ. ದಿನಕರ್ಮ ಮುಗಿದ ಹಿಂದೆಯೇ ಕೋರ್ಟಿನ ತಾರೀಕುಗಳು ಶುರುವಾದವು. ತಾರೀಕು ಇದ್ದ ದಿನ ಅವನು ಒಗೆದ ಅಂಗಿ ತೊಟ್ಟು ಬಸ್ಸು ಹತ್ತುತ್ತಿದ್ದ. ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಏನಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಊರಿಗೆಲ್ಲ ಒಂದೇ ಮಾತು. "ಹುಡುಗ ಭಾಳ ಜೋರ ಹೊಡದ." ಮಾತಾಡಿಸಲು ಬಂದವರೂ ಅದನ್ನೇ ಹೇಳಿ ಚಹಾ ಕುಡಿದು ಹೋದರು. ತಾಯಿ ಹುಲಿಗವ್ವ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಜೋರ ಹೊಡೆದ ಮಗನಾದರೂ ಇಲ್ಲ, ಬೈಯಲು ಉಳಿದವನು ಕೀಲಿ ಕೊಟ್ಟ ಗಂಡ. "ಕೀಲಿ ಕೊಟ್ಟಾವ ನೀನ" ಎಂದು ಒಮ್ಮೆ ಅಂದಳು. ಓಬಳೆಪ್ಪ ತಲೆ ತಗ್ಗಿಸಿದ. ಅಲ್ಲಿಂದ ಮುಂದೆ ಅವಳು ಅನ್ನುವ ಅಗತ್ಯವೂ ಬೀಳಲಿಲ್ಲ.

ಮಗಳು ಸುರೇಖಾ ಮಾತ್ರ ಕಂಡದ್ದು ಬೇರೆ. ಅವಳು ಆ ದಿನ ತಿರುವಿನಲ್ಲೇ ಇದ್ದಳು.

ಊರ ಕಣಗಳ ಜಾಗದಲ್ಲಿ ಮನೆಗಳೆದ್ದ ಮೇಲೆ ಡಾಂಬರು ರಸ್ತೆಯೇ ಎಲ್ಲರ ಕಣ. ಹುರಳಿಯ ಸುಗ್ಗಿಯಲ್ಲಿ ಗಿಡ ಕಿತ್ತು ತಂದು ರಸ್ತೆಗೆ ಹಾಸುವುದು, ಬಸ್ಸು ಲಾರಿಗಳು ಹಾದು ಸಿಪ್ಪೆ ಒಡೆದು ಕಾಳು ಬೇರೆಯಾಗುವುದು, ಸಂಜೆಗೆ ಬಳಿದು ತೂರುವುದು. ಗಾಡಿಯವರು ಪಕ್ಕಕ್ಕೆ ಸರಿದು ಹೋಗಬಾರದೆಂದು ಅಂಚಿಗೆ ಕಲ್ಲು ಇಡುತ್ತಾರೆ. ಬರುವವರಿಗೆ ಕೈ ಬೀಸಿ ಮೇಲೆಯೇ ಹಾದು ಬರಲು ಕರೆಯುತ್ತಾರೆ. ಅವತ್ತು ತಾಯಿ ಮಗಳು ತಿರುವಿನ ತಮ್ಮ ಹೊಲದ ಮುಂದೆ ಹುರಳಿ ತಿರುವಿ ಹಾಕುತ್ತಿದ್ದಾಗ ಗಾಳೇಶ ಬಂದ. ಜೋರಾಗಿ ಬರಲಿಲ್ಲ. ತಿರುವಿನಲ್ಲಿ ಹಾರ್ನ್ ಹೊಡೆದ, ಹಾಸಿದ ಗಿಡ ಕಂಡು ಗಾಡಿ ನಿಧಾನ ಮಾಡಿ, ಅಂಚಿನ ಮಣ್ಣಿಗೆ ಇಳಿಸಲು ನೋಡಿದ. ಹುಲಿಗವ್ವ ನಗುತ್ತ ಕೈ ಬೀಸಿದಳು. "ಬಾ ಬಾ, ಮ್ಯಾಲ ಹಾದ ಬಾ, ಕಾಳ ಒಡೀತಾವ." ಅವನು ಹ್ಯಾಂಡಲ್ ತಿರುಗಿಸಿ ಹುರಳಿಯ ಮೇಲೆ ಬಂದ. ಒಣ ಕಾಳಿನ ಮೇಲೆ ಹಿಂದಿನ ಗಾಲಿ ಒಂದು ಪಕ್ಕಕ್ಕೆ ಓಡಿತು. ಅಂಚಿಗೆ ಇಟ್ಟಿದ್ದ ಕಲ್ಲಿಗೆ ತಲೆ ಹೊಡೆಯಿತು.

ಇಷ್ಟನ್ನೂ ಸುರೇಖಾ ಯಾರಿಗೂ ಹೇಳಿರಲಿಲ್ಲ. ಪಂಚನಾಮೆಗೆ ಪೊಲೀಸರು ಬರುವುದರೊಳಗೆ ಊರ ಹೆಣ್ಣುಮಕ್ಕಳು ಹುರಳಿ ಬಳಿದು ಗಂಟು ಕಟ್ಟಿಯಾಗಿತ್ತು. ಅವಳನ್ನು ಯಾರೂ ಕೇಳಲೂ ಇಲ್ಲ. ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟು, ಮಾತಿಗೆ ಮುಂಚೆ ಬಾಗಿಲ ಹಿಂದೆ ಸರಿಯುವ ಹುಡುಗಿ. ಸತ್ತ ತಮ್ಮನಿಗಾಗಿ ಅವಳು ಅತ್ತದ್ದೂ ಇಲ್ಲ. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ರೊಟ್ಟಿ ಬಡಿದಳು, ಎಮ್ಮೆ ಹಿಂಡಿದಳು, ತಮ್ಮನ ಅಂಗಿಗಳನ್ನು ಒಗೆದು ಮಡಚಿಟ್ಟಳು. ಮೈಯಲ್ಲಿ ಎಲ್ಲೋ ಒಂದು ಕಡೆ ಕಾಲು ಜೋಮು ಹಿಡಿದಂತೆ ಇತ್ತು, ಅಷ್ಟೆ.

ಅವಳಿಗೆ ಹದಿನೆಂಟು ತುಂಬಿದ ಮೇಲೆ ಓಬಳೆಪ್ಪನೇ ಒಂದು ದಿನ ಊಟದ ಹೊತ್ತಿಗೆ ಹೇಳಿದ. "ಸುರೇಖಾ, ಗಾಡಿ ಕಲಿ. ಲೈಸನ್ಸ್ ತಗೊಂಡ ಕಲಿ. ಹಾಲ ಡೇರಿಗಿ ಮುಟ್ಸಾಕ, ನಿಮ್ಮವ್ವನ್ನ ದವಾಖಾನಿಗಿ ಕರ್ಕೊಂಡ ಹೋಗಾಕ ಒಬ್ರು ಬೇಕ. ನಾ ಇನ್ನ ಹ್ಯಾಂಡಲ್ ಮುಟ್ಟೂದಿಲ್ಲ."

ಹುಲಿಗವ್ವ ಪಲ್ಯ ನೀಡುತ್ತಿದ್ದವಳು ನೀಡಿ ಮುಗಿಸಿದಳು. ಬೇಡ ಅನ್ನಲಿಲ್ಲ.

ಕುಕನೂರಿನಲ್ಲಿ ನೂರಜಾನಬಿ ಎಂಬವಳು ಹೆಣ್ಣುಮಕ್ಕಳಿಗೆ ಸ್ಕೂಟಿ ಕಲಿಸುತ್ತಿದ್ದಳು. ಅಗಲ ಮುಖ, ದೊಡ್ಡ ದನಿ. ಅವಳ ಸ್ಕೂಟಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪಗೆ ಎಲ್ ಅಕ್ಷರ. ಮೊದಲ ದಿನವೇ ಸ್ಕೂಟಿಯ ಹತ್ತಿರ ಬಿಡಲಿಲ್ಲ.

"ಮೊದ್ಲ ಎಲ್ಲೆಲ್ಲಾರ್, ಕಲಿಯಾವರ ಲೈಸನ್ಸ್, ಆಮ್ಯಾಲ ಗಾಡಿ" ಎಂದಳು. "ಈ ಪುಸ್ತಕ ಓದ. ಕೈ ಸನ್ನಿ, ಬೋರ್ಡು, ಯಾರಿಗಿ ಮೊದ್ಲ ದಾರಿ ಬಿಡಬೇಕ, ಎಲ್ಲಾ ಐತಿ. ಎಲ್ಲೆಲ್ಲಾರ್ ಇದ್ದಷ್ಟ ದಿನ ಹಿಂದ ಕಲಸಾವರನ್ನ ಬಿಟ್ಟ ಯಾರನ್ನೂ ಕುಂದರ್ಸಂಗಿಲ್ಲ, ಗೆಳತ್ಯಾರನ್ನೂ ಇಲ್ಲ, ಲಗ್ನಾ ಮಾಡ್ಕೊಳ್ಳಾವನ್ನೂ ಇಲ್ಲ. ತಿಳೀತಿಲ್ಲೋ?"

ಸುರೇಖಾ ಓದಿದಳು. ಹಾಲು ಹಿಂಡಿ ಬಂದು, ಹಸಿ ಕೈ ಒರೆಸಿಕೊಂಡು ಓದಿದಳು. ಒಂದು ಕಡೆ ಕಣ್ಣು ನಿಂತಿತು. ಮರುದಿನ ನೂರಜಾನಬಿಯನ್ನು ಮೆಲ್ಲಗೆ ಕೇಳಿದಳು.

"ಅಕ್ಕಾರ, ರಸ್ತೆಕ ಅಡ್ಡಾಗೂವಂಥದ್ದ ಏನೂ ಹಾಕಬಾರದು ಅಂತ ಐತ್ರಿ. ಹಂಗಂದ್ರ ಹುರಳಿ ಹಾಕೂದೂ ತಪ್ಪೇನ್ರಿ?"

ನೂರಜಾನಬಿ ಬಿದ್ದು ಬಿದ್ದು ನಕ್ಕಳು. "ತಪ್ಪ ಐತವಾ. ಆದ್ರ ಅದಕ್ಕ ಹಿಡ್ಯಾಕ ನಿಂತ್ರ ಯಲಬುರ್ಗಾ ತಾಲೂಕ ಅನ್ನೂದ ಖಾಲಿ ಆಕ್ಕತಿ. ಕುಷ್ಟಗಿನೂ ಉಳ್ಯಂಗಿಲ್ಲ. ಅದನ್ಯಾಕ ಕೇಳ್ತಿ?"

"ಸುಮ್ನರಿ" ಎಂದಳು ಸುರೇಖಾ.

ಕೊಪ್ಪಳದ ಆರ್‌ಟಿಓ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಾಗಲೂ ಅವಳಿಗೆ ಅಂಜಿಕೆಯಾಗಲಿಲ್ಲ. ಮುಂದಿನ ದಾರಿ ಕಾಣದ ತಿರುವಿನಲ್ಲಿ ಏನು ಮಾಡಬೇಕು ಎಂದು ಕಂಪ್ಯೂಟರ್ ಕೇಳಿತು. ವೇಗ ಕಡಿಮೆ ಮಾಡಿ ಹಾರ್ನ್ ಹೊಡೆಯಬೇಕು. ಅವಳು ಒತ್ತಿದಳು. ಸರಿ ಎಂದು ಹಸಿರು ಗುರುತು ಬಂತು. ತಮ್ಮನೂ ಅದನ್ನೇ ಮಾಡಿದ್ದ ಎಂದು ನೆನಪಾಯಿತು. ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು.

"ಸಾಲಿ ಬಿಟ್ಟಾಕಿ ಅಂತ ನಾ ಅಂಜಿದ್ದೆ" ಎಂದು ನೂರಜಾನಬಿ ಹೊರಗೆ ಬೆನ್ನು ತಟ್ಟಿದಳು. "ನೀ ನೋಡಿದ್ರ ಪಟಪಟ ಒತ್ತಿ ಬಂದಿ. ಒಂಚೂರು ನಗಾರ ನಗ, ಫೇಲ್ ಆದಾರಂಗ ಮಾರಿ ಮಾಡ್ಕೊಂಡಿ."

ಸ್ಕೂಟಿ ಕೈಗೆ ಬೇಗ ಬಂತು. ಮೊದಲು ಮೈದಾನ, ಆಮೇಲೆ ಓಣಿ, ಆಮೇಲೆ ಸಂತೆಯ ಬೀದಿ. ಹಿಂದೆ ಕೂತ ನೂರಜಾನಬಿ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. "ಕನ್ನಡಿ ನೋಡ. ಕನ್ನಡಿ ಇರೂದ ಕುಂಕುಮಾ ಹಚ್ಕೊಳ್ಳಾಕಲ್ಲ." "ಇಂಡಿಕೇಟರ್ ಹಾಕಿ ತಿರಗ, ತಿರಗಿ ಇಂಡಿಕೇಟರ್ ಹಾಕಬ್ಯಾಡ." ಸುರೇಖಾ ಹೇಳಿದಷ್ಟು ಮಾಡುತ್ತಿದ್ದಳು. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಬೇರೆ ಹುಡುಗಿಯರು ಖುಷಿಯಿಂದ ಕಿರುಚುತ್ತಿದ್ದರು. ಅವಳಿಗೆ ಗಾಡಿ ಓಡುತ್ತಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ಹುರಳಿಯ ಸುಗ್ಗಿ ಮತ್ತೆ ಬಂತು. ಗಿಡ ಕಿತ್ತು ಹೊಲದ ಬದುವಿಗೆ ಗುಂಪು ಹಾಕಿಯಾಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಹುಲಿಗವ್ವ ಹೇಳಿದಳು.

"ನಾಳಿ ಬಾಜೂ ಮನಿ ಕರಿಯವ್ವ ಬರ್ತಾಳ. ರೋಡಿಗಿ ಹಾಕೂನು ಅಂತ ಮಾಡೀನಿ."

ಓಬಳೆಪ್ಪ ತುತ್ತು ಕಲಸುತ್ತಿದ್ದ ಕೈ ನಿಲ್ಲಿಸಿದ. "ಎಲ್ಲಿ?"

"ಎಲ್ಲಿ ಅಂದ್ರ? ಹೊಲದ ಮುಂದ. ಬ್ಯಾರೆ ಎಲ್ಲಿಗಿ ಹೊತ್ತೊಯ್ಯಲಿ?"

ಅವನು ಮತ್ತೆ ಕಲಸಿದ. ಕೀಲಿ ಕೊಟ್ಟವನಿಗೆ ಬೇಡ ಅನ್ನುವ ಹಕ್ಕು ಇರಲಿಲ್ಲ ಎಂಬಂತೆ ಇತ್ತು ಅವನ ಮುಖ. ಸುರೇಖಾ ಅಪ್ಪನನ್ನೂ ನೋಡಿದಳು, ಅವ್ವನನ್ನೂ ನೋಡಿದಳು. ಹೇಳಿದರೆ ಅವ್ವ ಎದ್ದು ನಿಲ್ಲಲಾರಳು. ಹೇಳದಿದ್ದರೆ ನಾಳೆ ಅದೇ ತಿರುವಿನಲ್ಲಿ ಯಾರ ಮಗನೋ ಬರುತ್ತಾನೆ. ಎರಡೂ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಆದರೂ ಎದೆಯಲ್ಲಿ ಏನೂ ಹೊರಳಲಿಲ್ಲ. ತಾಟು ಎತ್ತಿಕೊಂಡು ತೊಳೆಯಲು ಹೋದಳು.

ಮರುದಿನ ಪಾಠಕ್ಕೆ ಹೋದಾಗ ನೂರಜಾನಬಿ, "ಇವತ್ತ ದೊಡ್ಡ ರಸ್ತೆ. ನಿಮ್ಮೂರಿನ ಕಡೆನ ಹೋಗಿ ಬರೂನು, ನಿಮ್ಮವ್ವನ ಕೈ ಚಾ ಕುಡದಂಗಾಕ್ಕತಿ" ಎಂದಳು. ಬೇಡ ಎನ್ನಲು ಸುರೇಖಾಳಿಗೆ ಕಾರಣ ಹೊಳೆಯಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹೊರಟಳು. ರಸ್ತೆಯುದ್ದಕ್ಕೂ ಅಲ್ಲಲ್ಲಿ ಅರ್ಧ ಅರ್ಧ ರಸ್ತೆಗೆ ಹುರಳಿ ಹಾಸಿತ್ತು. ಅವಳು ಎಲ್ಲವನ್ನೂ ಬಳಸಿ ಹೋದಳು.

ತಿರುವು ಬಂತು. ವೇಗ ಕಡಿಮೆ ಮಾಡಿದಳು, ಹಾರ್ನ್ ಹೊಡೆದಳು, ತಿರುಗಿದಳು. ರಸ್ತೆಯ ತುಂಬ ಹುರಳಿ. ಎರಡೂ ಅಂಚಿಗೆ ಸಾಲಾಗಿ ಕಲ್ಲು. ಕವೆಗೋಲು ಹಿಡಿದು ನಿಂತ ಹುಲಿಗವ್ವ ಸ್ಕೂಟಿಯನ್ನು ಕಂಡು ಒಂದು ಕೈ ಎತ್ತಿ ಬೀಸಿದಳು.

"ಬರ್ರಿ ಬರ್ರಿ, ಮ್ಯಾಲ ಹಾದ ಬರ್ರಿ!"

ಸುರೇಖಾ ಬ್ರೇಕು ಹಿಡಿದಳು. ಸ್ಕೂಟಿ ಹುರಳಿಯ ಅಂಚಿನಲ್ಲಿ ನಿಂತಿತು.

"ಯಾಕ ನಿಂತಿ?" ಹಿಂದಿನಿಂದ ನೂರಜಾನಬಿ. "ಸಾವಕಾಶ ಹೋಗ. ಎಲ್ಲಾರೂ ಹೋಗ್ತಾರ."

ಸುರೇಖಾ ಕಾಲು ಊರಿ, ಹೆಲ್ಮೆಟ್ ತೆಗೆದಳು. ಹುಲಿಗವ್ವನ ಕೈ ಎತ್ತಿದಲ್ಲೇ ಉಳಿಯಿತು.

"ಅಯ್ಯ, ನಮ್ಮ ಸುರೇಖಾ!" ನೆರೆಮನೆಯ ಕರಿಯವ್ವ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಟೊಪಗಿ ನೋಡಿ ನಾ ಯಾರೋ ಇನ್ಸ್‌ಪೆಕ್ಟರ್ ಬಂದ ಅಂತ ಮಾಡಿದ್ದೆ. ಬಾರಬೇ, ನಿನ್ನ ಗಾಡಿಲೇ ನಾಕ ಕಾಳ ಒಡೀಲಿ."

"ಇದನ್ನ ತಗೀಬೇಕಬೇ" ಎಂದಳು ಸುರೇಖಾ ತಾಯಿಗೆ.

"ತಗದ ಎಲ್ಲಿ ಹಾಕ್ಲಿ, ನಿನ್ನ ತಲಿ ಮ್ಯಾಲ?" ಹುಲಿಗವ್ವ ಕೈ ಇಳಿಸಿದಳು. "ಎರಡ ದಿನ ಗಾಡಿ ಹಿಡದಿ, ನನಗ ಕಲಸಾಕ ಬಂದ್ಯಾ? ನೋಡ್ಕೊಂತ ಬಂದ್ರ ಯಾರಿಗೂ ಏನ ಆಗೂದಿಲ್ಲ. ಅವ ಜೋರ ಬಂದ, ಬಿದ್ದ."

"ಅವ ಸಾವಕಾಶ ಬಂದ."

ದನಿ ಎತ್ತರಿಸಿಯೂ ಹೇಳಲಿಲ್ಲ ಅವಳು. ಕರಿಯವ್ವನ ನಗು ನಿಂತಿತು.

"ಹಾರ್ನ್ ಹೊಡದ" ಎಂದಳು ಸುರೇಖಾ. "ಗಾಡಿ ಸ್ಲೋ ಮಾಡಿದ. ಮಣ್ಣಿಗಿ ಇಳಿಸಾಕ ಹತ್ತಿದ್ದ."

ಹುಲಿಗವ್ವ ಮಗಳನ್ನೇ ನೋಡುತ್ತಿದ್ದಳು.

"ಆಮ್ಯಾಲ?"

ಸುರೇಖಾ ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದಳು.

"ಆಮ್ಯಾಲೇನಾತು, ಹೇಳ."

"ಬಿಡವಾ ಹುಲಿಗವ್ವ, ಆಗಿದ್ದ ಆಗೇತಿ" ಎಂದು ಕರಿಯವ್ವ ನಡುವೆ ಬಂದಳು.

"ನಾ ಕೈ ಬೀಸಿದೆ" ಎಂದಳು ಹುಲಿಗವ್ವ. ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಮ್ಯಾಲ ಹಾದ ಬಾ ಅಂದೆ. ಬಂದ."

ನೂರಜಾನಬಿ ಸ್ಕೂಟಿಯಿಂದ ಇಳಿದಳು. ಹುಲಿಗವ್ವ ಅಳಲಿಲ್ಲ. ಕವೆಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಆಮೇಲೆ ಕೋಲಿನ ಕವೆಯನ್ನು ಹುರಳಿಯೊಳಗೆ ಚುಚ್ಚಿ ಹೊಲದ ಕಡೆಗೆ ಎಳೆಯತೊಡಗಿದಳು.

ತಿರುವಿನ ಆಚೆ ಟೆಂಪೋ ಒಂದು ಹಾರ್ನ್ ಹೊಡೆಯಿತು. ಸುರೇಖಾ ಸ್ಕೂಟಿಯನ್ನು ರಸ್ತೆಯಿಂದ ಇಳಿಸಿ ನಿಲ್ಲಿಸಿ, ತಿರುವಿಗೆ ಓಡಿ ಅಂಗೈ ಚಾಚಿ ನಿಂತಳು. ಟೆಂಪೋ ನಿಂತಿತು.

"ಏನವಾ, ಯಾವಾಗಿಂದ ಟ್ರಾಫಿಕ್ ಪೊಲೀಸ ಆಗಿ?" ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಸರಿ, ಹುರಳಿ ಅಲ್ಲೇನ, ತುಳಕೊಂಡ ಹೋಗ್ತೀನಿ. ನಿಮಗ ಛಲೋ ಆತಲ್ಲ."

"ಬ್ಯಾಡ್ರಿ. ತಗ್ಯಾಕ ಹತ್ತೇವಿ. ನಿಂದರ್ರಿ."

"ತಗೀತೀರಿ?" ಅವನಿಗೆ ಅರ್ಥವಾಗಲಿಲ್ಲ. "ಹಾಕಿದ್ದ ಯಾಕ ಮತ್ತ?"

ಕರಿಯವ್ವ ಹೊಲದಲ್ಲಿ ತಾಡಪತ್ರಿ ಬಿಚ್ಚಿದಳು. ನೂರಜಾನಬಿ ಬುರ್ಖಾದ ತೋಳು ಮೇಲೇರಿಸಿ ಅಂಚಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬದುವಿನಾಚೆ ಎಸೆದಳು. ಟೆಂಪೋದ ಹಿಂದೆ ಇನ್ನೆರಡು ಬೈಕು ಬಂದು ನಿಂತವು. ಗಿಡವೆಲ್ಲ ಸರಿದ ಮೇಲೂ ರಸ್ತೆಯ ಮೇಲೆ ಒಡೆದ ಕಾಳು ಹರಡಿತ್ತು. ಸುರೇಖಾ ಕಸಬರಿಗೆ ತೆಗೆದುಕೊಂಡು ಬಳಿಯತೊಡಗಿದಳು. ಈಗಲಾದರೂ ಅಳು ಬರುತ್ತದೇನೋ ಎಂದುಕೊಂಡಳು. ಬರಲಿಲ್ಲ. ಕೈ ಮಾತ್ರ ಆಡುತ್ತಿತ್ತು.

ತಾಡಪತ್ರಿಯ ಮೇಲೆ ಗಿಡ ಕೊಡವುತ್ತಿದ್ದ ಹುಲಿಗವ್ವ ತಲೆ ಎತ್ತದೆ ಕೂಗಿ ಹೇಳಿದಳು.

"ಸುರೇಖಾ, ಆ ಕಡಿ ಅಂಚಿಗಿ ಇನ್ನೂ ಅದಾವ ನೋಡ. ಅವನ್ನೂ ಬಳಿ. ಒಂದ ಕಾಳೂ ಬಿಡಬ್ಯಾಡ."

"ಹೂಂ ಬೇ" ಎಂದು ಸುರೇಖಾ ಆ ಕಡೆಗೆ ಹೋದಳು.